ಬುಧವಾರ: ನೋಡೋಣ

ಫೆಬ್ರವರಿ ೨೬

ಚಿನಕುರಳಿಯ ಅಪ್ಪನಿಗೆ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮಿಬ್ಬರ ಫೋನು ಮೂರನೆಯ ಮಾತಿಗೇ ಜಗಳಕ್ಕೆ ತಿರುಗುತ್ತದೆ. ಆಮೇಲೆ ಚಿನಕುರಳಿಯಂಥ ಮಗಳೂ ನನ್ನ ಮುಖ ನೋಡಿಕೊಂಡು ಅರ್ಧ ದಿನ ಪಿಸುಮಾತಿನಲ್ಲಿ ಓಡಾಡುತ್ತಾಳೆ. ಅದಕ್ಕೇ ಕಾಗದ. ಅವಳ ಭಾನುವಾರದ ಫೋನು ಅವಳದು, ಎಂದಿನಂತೆ ನಡೆಯಲಿ.

ಬೇಸಿಗೆ ರಜೆಗೆ ನಿಮ್ಮಲ್ಲಿಗೆ ಬರುತ್ತೇನೆಂದು ಹಟ ಹಿಡಿದು ಕೂತಿದ್ದಾಳೆ. ಒಂಬತ್ತು ವರ್ಷದವಳ ಹಟ ಎಂದು ಸುಮ್ಮನಿರುವ ಹಾಗಿಲ್ಲ, ಆ ಗುಣ ಯಾರ ಕಡೆಯದೆಂದು ನಿಮಗೆ ಗೊತ್ತು. ನಾವು ಬೇರೆಯಾದ ಮೇಲೆ ಹೋದ ವರ್ಷ ಮೊದಲ ಸಲ ಕಳಿಸಿದ್ದೆ. ಬೆಳಗ್ಗೆ ಬಿಸ್ಕತ್ತು, ಮಧ್ಯಾಹ್ನ ನಿಮ್ಮ ಕ್ಯಾಂಟೀನಿನ ಪೊಟ್ಟಣ, ರಾತ್ರಿ ಏನು ಸಿಕ್ಕಿತೋ ಅದು. ವಾಪಸು ಬಂದವಳು ಹೊಟ್ಟೆ ಹಿಡಿದುಕೊಂಡು ವಾರ ಪೂರ್ತಿ ಮಲಗಿದಳು. "ಅಪ್ಪಂಗೆ ಬೈಬೇಡಮ್ಮ" ಅಂತ ಮೊದಲೇ ಬೇರೆ ಹೇಳಿಟ್ಟಳು. ಬೈಯಲಿಲ್ಲ. ಈಗಲೂ ಬೈಯುತ್ತಿಲ್ಲ.

ಒಂದು ಷರತ್ತಿದೆ. ಒಂದು ವಾರದ ಊಟ-ತಿಂಡಿಯನ್ನು ಮುಂಚಿತವಾಗಿ ಗೊತ್ತುಮಾಡಿ ನನಗೆ ಬರೆದು ಕಳಿಸಿ. ಆಮೇಲೆ ಅದರಂತೆ ಒಂದು ವಾರ ನೀವೇ ಇದ್ದು ನೋಡಿ. ಸರಿಹೋದರೆ ಮಗಳು ಬರುತ್ತಾಳೆ. ಈ ಬೇಸಿಗೆ ನೆಟ್ಟಗೆ ಕಳೆದರೆ ಮುಂದೆ ಪ್ರತಿ ರಜೆಗೂ ಬರಲಿ, ನನ್ನ ತಕರಾರಿಲ್ಲ. ಇಲ್ಲದಿದ್ದರೆ ನೀವೇ ಇಲ್ಲಿಗೆ ಬಂದು ಪಾರ್ಕಿನಲ್ಲಿ ಅವಳ ಜೊತೆ ಒಂದಿಷ್ಟು ಹೊತ್ತು ಕೂತು ಹೋಗುವುದು. ಅಷ್ಟೆ.

ಅವಳ ಅಮ್ಮ


ಮಾರ್ಚ್ ೧

ಚಿನಕುರಳಿಯ ಅಮ್ಮನಿಗೆ,

ನಿನ್ನ ಕಾಗದ ಬಂತು. ಓದುವ ಮೊದಲು ನೆಟ್ಟಗೆ ಕೂತುಕೊಂಡೆ, ಅಭ್ಯಾಸಬಲ.

ನಾನು ಬಂದರಿನಲ್ಲಿ ಕ್ರೇನು ನಡೆಸುವವನು. ಯಾವ ಹಡಗಿನಿಂದ ಯಾವ ಪೆಟ್ಟಿಗೆ ಯಾವಾಗ ಇಳಿಯಬೇಕು ಎಂಬುದು ಹಿಂದಿನ ದಿನವೇ ನನ್ನ ಕೈಗೆ ಬರುತ್ತದೆ. ಯೋಜನೆ ಅಂದರೆ ಏನು ಅಂತ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುವವರಿಂದ ಕಲಿಯಬೇಕಾದ ಗತಿ ನನಗಿಲ್ಲ. ಆದರೆ ಊಟಕ್ಕೆ ಯೋಜನೆ ಯಾಕೆ ಅನ್ನುವುದು ಮಾತ್ರ ತಲೆಗೆ ಹತ್ತಲಿಲ್ಲ. ಹಸಿವಾದಾಗ ತಿನ್ನುವುದು, ಅದರಲ್ಲೇನಿದೆ? ಇರಲಿ. ಮಗಳು ಬರಬೇಕು, ನಿನ್ನ ಷರತ್ತು ಒಪ್ಪಿದೆ. ಇಗೋ:

ಸೋಮವಾರ: ಅನ್ನ, ಬೇಳೆ.
ಮಂಗಳವಾರ: ಅನ್ನ, ಬೇಳೆ, ಮೊಟ್ಟೆ.
ಬುಧವಾರ: ನೋಡೋಣ.
ಗುರುವಾರ: ಬುಧವಾರ ಮಿಕ್ಕಿದ್ದು.
ಶುಕ್ರವಾರ: ಬ್ರೆಡ್ಡು, ಮೊಟ್ಟೆ, ಬಾಳೆಹಣ್ಣು.
ಶನಿವಾರ: ಹೊರಗೆ.
ಭಾನುವಾರ: ಅನ್ನ, ಬೇಳೆ, ಏನಾದರೂ ವಿಶೇಷ.

ಸಾಕೋ?

ಅವಳ ಅಪ್ಪ


ಮಾರ್ಚ್ ೫

ಚಿನಕುರಳಿಯ ಅಪ್ಪನಿಗೆ,

ಸಾಲದು.

"ನೋಡೋಣ" ಎಂಬ ಅಡುಗೆಯನ್ನು ನಾನು ಈವರೆಗೆ ಉಂಡಿಲ್ಲ. ಅದು ಮಿಕ್ಕು ಗುರುವಾರಕ್ಕೂ ಬರುತ್ತದೆ ಎಂದು ಓದಿದಾಗ ಲ್ಯಾಬಿನಲ್ಲಿ ಎಲ್ಲರಿಗೂ ತೋರಿಸೋಣ ಅನ್ನಿಸಿತು. ತೋರಿಸಲಿಲ್ಲ. ನಿಮ್ಮ ವಾರದಲ್ಲಿ ಒಂದು ಚೂರು ತರಕಾರಿ ಕೂಡ ಇಲ್ಲ. ಇಡೀ ದಿನ ಕೂತು ಬೇರೆಯವರಿಗೆ ಹಲ್ಲಿನ ಸೆಟ್ಟು ಮಾಡುವವಳು ನಾನು. ಅಗಿಯಲು ಏನೂ ಇಲ್ಲದ ಊಟ ಕಂಡರೆ ನನಗೆ ಆಗುವುದಿಲ್ಲ.

ಯೋಜನೆ ಯಾಕೆ ಅಂತ ಕೇಳಿದಿರಿ. ಅಡುಗೆ ಮಾಡುವುದು ಕಷ್ಟವಲ್ಲ. ಸಂಜೆ ಬೀಗ ತೆಗೆದು, ಚೀಲ ಕೆಳಗಿಟ್ಟು, ಇನ್ನೂ ಚಪ್ಪಲಿ ಬಿಡುವ ಮೊದಲೇ "ಇವತ್ತೇನು ಮಾಡಲಿ" ಎಂದು ತಲೆಕೆಡಿಸಿಕೊಳ್ಳುವುದಿದೆಯಲ್ಲ, ಅದು ಕಷ್ಟ. ಆ ಹೊತ್ತಿಗೆ ಮಗಳಿಗೂ ಹಸಿವು, ನನಗೂ ಹಸಿವು. ಇಬ್ಬರೂ ಒಬ್ಬರ ಮೇಲೊಬ್ಬರು ಎಗರಾಡುತ್ತಿದ್ದೆವು. ಈಗ ಆ ಯೋಚನೆಯನ್ನು ಶನಿವಾರವೇ, ಹೊಟ್ಟೆ ತುಂಬಿರುವಾಗ, ಒಂದೇ ಸಲ ಮಾಡಿ ಮುಗಿಸುತ್ತೇನೆ. ವಾರದಲ್ಲಿ ಕೈ ಕೆಲಸ ಮಾಡುತ್ತದೆ, ತಲೆ ಸುಮ್ಮನಿರುತ್ತದೆ. ಸಂಜೆ ಅವಳ ಜೊತೆ ಕೂತು ಲೆಕ್ಕ ಹೇಳಿಕೊಡಲು ಸಮಯ ಸಿಗುತ್ತದೆ. ತರಕಾರಿ ಕೊಳೆತು ಬಿಸಾಡುವುದೂ ನಿಂತಿದೆ.

ಹೀಗೆ ಮಾಡಿ. ಸೊಪ್ಪು ಬೇಗ ಬಾಡುತ್ತದೆ, ಅದು ವಾರದ ಮೊದಲಿಗೆ. ಕ್ಯಾರೆಟ್ಟು, ಕುಂಬಳಕಾಯಿ ಕಾಯುತ್ತವೆ, ಅವು ಕೊನೆಗೆ. ಆಲೂಗಡ್ಡೆ ಒಮ್ಮೆ ಬೇಯಿಸಿದರೆ ಎರಡು ದಿನಕ್ಕೆ ಬರಬೇಕು, ಆದರೆ ಒಂದೇ ರುಚಿಯಲ್ಲಲ್ಲ. ಕಾಳು ಬೇಕಿದ್ದರೆ ಹಿಂದಿನ ರಾತ್ರಿ ನೆನೆಹಾಕಿ. ಬೆಳಗ್ಗೆ ನೆನಪಾದರೆ ಪ್ರಯೋಜನವಿಲ್ಲ.

ನಿಮ್ಮ ಪಟ್ಟಿಯಲ್ಲಿ ಇನ್ನೊಂದು ಇಲ್ಲ. ನೀವು ಎಷ್ಟು ಹೊತ್ತಿಗೆ ಮನೆಗೆ ಬರುತ್ತೀರಿ ಎನ್ನುವುದು. ಅದೇ ಮನೆಯಲ್ಲಿ, ಅದೇ ಮೇಜಿನ ಮುಂದೆ, "ಇನ್ನೇನು ಬಂದೆ" ಎಂಬ ಮಾತು ನಂಬಿಕೊಂಡು ವರ್ಷಗಟ್ಟಲೆ ತಟ್ಟೆಯ ಮೇಲೆ ತಟ್ಟೆ ಮುಚ್ಚಿಟ್ಟು ಕಾದವಳು ನಾನು. ಬಂದರಿನ ಗೇಟಿನಾಚೆಯ ಟೀ ಅಂಗಡಿಯಲ್ಲಿ ನಿಮ್ಮ ಪಟಾಲಮ್ಮು ಎದ್ದ ಮೇಲೆ ನೀವು ಬರುತ್ತಿದ್ದಿರಿ. "ಅಲ್ಲೇ ಏನೋ ತಿಂದೆ ಕಣೇ" ಅನ್ನುತ್ತಿದ್ದಿರಿ. ನನ್ನದು ಮುಗಿದ ಕಥೆ. ಮಗಳು ಹಾಗೆ ಕಾಯಬಾರದು.

ಅವಳ ಅಮ್ಮ


ಮಾರ್ಚ್ ೨೪

ಚಿನಕುರಳಿಯ ಅಮ್ಮನಿಗೆ,

ಮೊದಲ ವಾರ ಕೈಕೊಟ್ಟಿತು. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಶನಿವಾರ ಬೆಳಗ್ಗೆ ಎರಡು ಚೀಲ ತುಂಬ ತಂದು, ಚಂದವಾಗಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ನಾನೇ ಎರಡು ಸಲ ಓದಿಕೊಂಡೆ. ಸಂಜೆ ನಮ್ಮ ಪಾಳಿಯ ಪಟ್ಟಿ ಬಂತು. ಪೂರ್ತಿ ಉಲ್ಟಾ. ಸೋಮವಾರದ ಸೊಪ್ಪು ಗುರುವಾರ ಕೈಗೆ ಸಿಕ್ಕಿತು, ಅಷ್ಟರಲ್ಲಿ ಅದನ್ನು ಸೊಪ್ಪು ಅಂತ ಗುರುತಿಸುವುದೇ ಕಷ್ಟವಾಗಿತ್ತು. ಕಾಳು ನೆನೆಹಾಕಿ ಮರೆತೆ, ಮೊಳಕೆ ಬಂದು ನನ್ನನ್ನೇ ನೋಡುತ್ತಿತ್ತು.

ಎರಡನೆಯ ವಾರ ಬುದ್ಧಿ ಬಂತು. ಮೊದಲು ಪಾಳಿಯ ಪಟ್ಟಿ, ಆಮೇಲೆ ಊಟದ ಪಟ್ಟಿ, ಆಮೇಲೆ ಮಾರುಕಟ್ಟೆ. ಇನ್ನೊಂದು ವಿಷಯ ನೀನು ಬರೆದಿರಲಿಲ್ಲ, ನನಗೇ ಹೊಳೆಯಿತು. ಹಡಗಿಗೆ ತುಂಬುವಾಗ ಮೊದಲು ಇಳಿಯಬೇಕಾದ ಪೆಟ್ಟಿಗೆಯನ್ನು ಕೊನೆಗೆ ಇಡುತ್ತೇವೆ, ಆಗ ಅದು ಮೇಲೇ ಇರುತ್ತದೆ. ಫ್ರಿಜ್ಜನ್ನೂ ಹಾಗೇ ತುಂಬಿದೆ. ಶನಿವಾರದ್ದು ಹಿಂದೆ, ಸೋಮವಾರದ್ದು ಮುಂದೆ. ಬಾಗಿಲು ತೆಗೆದರೆ ಇವತ್ತಿನದೇ ಕಣ್ಣಿಗೆ ಬೀಳುತ್ತದೆ. ಇದನ್ನು ಬೇಕಾದರೆ ನಿನ್ನ ಲ್ಯಾಬಿನಲ್ಲಿ ತೋರಿಸು.

ಟೀ ಅಂಗಡಿಯ ವಿಷಯ. ಈಗ ಮನೆಯಲ್ಲಿ ಏನಿದೆ ಅಂತ ಗೊತ್ತಿರುತ್ತದೆ. ಕ್ರೇನಿನಿಂದ ಇಳಿದವನಿಗೆ ಕಾಲು ತಾನಾಗಿ ಬಸ್ ಸ್ಟಾಪಿನ ಕಡೆ ಹೋಗುತ್ತದೆ. ಮನೆಯಲ್ಲಿ ಏನೂ ಇಲ್ಲ ಎಂದುಕೊಂಡಿದ್ದರಿಂದಲೇ ಅಲ್ಲಿ ಕೂರುತ್ತಿದ್ದೆನೋ ಏನೋ. ನೀನಿದ್ದಾಗ ಮನೆಯಲ್ಲಿ ಇರುತ್ತಿತ್ತು, ನಿಜ. ಆ ವಾದ ಬೇಡ.

ಈ ವಾರ ನಾನು ಕೊಂಡದ್ದು: ಅಕ್ಕಿ ಮೂರು ಕಿಲೋ, ಬೇಳೆ ಒಂದು ಕಿಲೋ, ಮೊಟ್ಟೆ ಒಂದೂವರೆ ಡಜನ್ನು, ಸೊಪ್ಪು ನಾಲ್ಕು ಕಟ್ಟು, ಕ್ಯಾರೆಟ್ಟು, ಬೀನ್ಸು, ಆಲೂಗಡ್ಡೆ, ಕುಂಬಳಕಾಯಿ. ಭಾನುವಾರದ ಹೊತ್ತಿಗೆ ಎಲ್ಲ ಖಾಲಿ. ಒಂದು ಚೂರೂ ಕೊಳೆಯಲಿಲ್ಲ. ಬುಧವಾರ ಕುಂಬಳಕಾಯಿ ಮಾಡಿದೆ, "ನೋಡೋಣ" ಅಲ್ಲ.

ಅವಳ ಅಪ್ಪ


ಮಾರ್ಚ್ ೨೯

ಚಿನಕುರಳಿಯ ಅಪ್ಪನಿಗೆ,

ಫ್ರಿಜ್ಜಿನ ಉಪಾಯ ಚೆನ್ನಾಗಿದೆ. ನಾನೂ ಹಾಗೇ ಜೋಡಿಸಿದೆ.

ಉಳಿದ ವಿಷಯ ನೇರವಾಗಿ ಬರೆಯುತ್ತೇನೆ. ಒಬ್ಬ ಮನುಷ್ಯ ಒಂದು ವಾರದಲ್ಲಿ ಅಷ್ಟು ಅಕ್ಕಿ, ಅಷ್ಟು ಮೊಟ್ಟೆ, ಅಷ್ಟು ಬೇಳೆ ಮುಗಿಸುವುದಿಲ್ಲ. ಅಡುಗೆಯ ಅಳತೆ ನನ್ನಿಂದ ಮುಚ್ಚಿಡಲಾಗುವುದಿಲ್ಲ. ಆ ಮನೆಯಲ್ಲಿ ಬೇರೆ ಯಾರಾದರೂ ಊಟಕ್ಕೆ ಕೂರುತ್ತಿದ್ದರೆ ಅದು ನಿಮ್ಮ ಇಷ್ಟ. ಕೇಳುವ ಹಕ್ಕು ನನಗಿಲ್ಲ, ಕೇಳುತ್ತಲೂ ಇಲ್ಲ. ಆದರೆ ಮಗಳನ್ನು ಕಳಿಸುವ ಮೊದಲು ನನಗೆ ಗೊತ್ತಾಗಬೇಕು. ಅವಳಿಗೂ ಮೊದಲೇ ಹೇಳಬೇಕು. ಬಾಗಿಲಲ್ಲಿ ನಿಂತು ತಿಳಿಯುವುದು ಚೆನ್ನಾಗಿರುವುದಿಲ್ಲ.

ಉತ್ತರ ಬರುವವರೆಗೆ ರೈಲಿನ ಟಿಕೆಟ್ಟು ಮಾಡಿಸುವುದಿಲ್ಲ.


ಏಪ್ರಿಲ್ ೨

ಚಿನಕುರಳಿಯ ಅಮ್ಮನಿಗೆ,

ಕೇಳುತ್ತಿಲ್ಲ ಅಂತ ಹೇಳಿ ಒಂದು ಪುಟ ತುಂಬ ಕೇಳಿದ್ದೀಯ.

ಇಲ್ಲಿ ಯಾರೂ ಇಲ್ಲ. ದಿನಾ ಮಿಗುತ್ತದೆ. ಮಿಕ್ಕಿದ್ದನ್ನು ಮರುದಿನದ ಡಬ್ಬಿಗೆ ಹಾಕಿಕೊಳ್ಳುತ್ತೇನೆ. ಅದರಲ್ಲೂ ಮಿಕ್ಕಿದ್ದು ಬಂದರಿನ ಗೇಟಿನ ನಾಯಿಗೆ. ಆ ನಾಯಿ ಈಗ ನನಗಿಂತ ದಪ್ಪಗಿದೆ, ನನ್ನನ್ನು ಕಂಡರೆ ಮೇಲಧಿಕಾರಿಗೆ ಎದ್ದು ನಿಂತ ಹಾಗೆ ಎದ್ದು ನಿಲ್ಲುತ್ತದೆ. ಬೇಕಾದರೆ ಅದನ್ನೇ ಕೇಳು.

ಅಳತೆ ನನಗೆ ಗೊತ್ತಿಲ್ಲ. ಅಕ್ಕಿಯ ಡಬ್ಬದಲ್ಲಿ ನೀನು ಬಿಟ್ಟು ಹೋದ ಲೋಟ ಇದೆಯಲ್ಲ, ಅಂಚು ನುಗ್ಗಾಗಿರುವುದು, ಅದರ ತುಂಬ ಅಕ್ಕಿ ಹಾಕಿ ಮೇಲೆ ಬೆರಳಾಡಿಸಿ ಸಮ ಮಾಡುತ್ತೇನೆ. ನೀನು ಹಾಗೇ ಮಾಡುತ್ತಿದ್ದೆ. ಅನ್ನ ಅಂದರೆ ಒಂದು ಲೋಟ, ನನಗೆ ತಿಳಿದಿರುವುದು ಇಷ್ಟೇ. ಬೇಳೆಯೂ, ಮೊಟ್ಟೆಯೂ ಆಗ ನೀನು ತರುತ್ತಿದ್ದಷ್ಟೇ ತಂದೆ. ಕಡಿಮೆ ಎಷ್ಟು ಅಂತ ಹೇಳುವವರು ಯಾರೂ ಇರಲಿಲ್ಲ.

ಟಿಕೆಟ್ಟು ಮಾಡಿಸು. ಅವಳ ಹಾಸಿಗೆಗೆ ಹೊಸ ಹೊದಿಕೆ ತಂದಿದ್ದೇನೆ.

ಅವಳ ಅಪ್ಪ


ಏಪ್ರಿಲ್ ೯

ಚಿನಕುರಳಿಯ ಅಪ್ಪನಿಗೆ,

ಆ ಲೋಟ ಮೂವರಿಗೆ. ಇಬ್ಬರಿಗಾದರೆ ಅಂಚಿನಿಂದ ಎರಡು ಬೆರಳು ಕೆಳಗೆ ನಿಲ್ಲಿಸಿ.

ಇಲ್ಲಿಗೆ ಬಂದ ಹೊಸದರಲ್ಲಿ ನಮ್ಮಲ್ಲೂ ಅನ್ನ ಮಿಗುತ್ತಿತ್ತು.

ಸೋಮವಾರ ಬೆಳಗಿನ ರೈಲಿಗೆ ಬರುತ್ತಾಳೆ. ನಮ್ಮ ಲ್ಯಾಬಿನ ಅಕೌಂಟೆಂಟಮ್ಮ ಅದೇ ರೈಲಿನಲ್ಲಿದ್ದಾರೆ, ನಿಮ್ಮ ಕೈಗೆ ಒಪ್ಪಿಸಿ ಮುಂದೆ ಹೋಗುತ್ತಾರೆ. ಬೀಟ್‌ರೂಟು ತಿನ್ನುವುದಿಲ್ಲ ಎನ್ನುತ್ತಾಳೆ. ತುರಿದು ಹಾಕಿದರೆ ಗೊತ್ತಾಗದೆ ತಿನ್ನುತ್ತಾಳೆ. ಹಾಲಿಗೆ ಸಕ್ಕರೆ ಬೇಡ. ಸುಳ್ಳು ಹೇಳುವಾಗ ಕಿವಿ ಹಿಡಿದುಕೊಳ್ಳುತ್ತಾಳೆ.

ಅವಳ ಅಮ್ಮ


ಏಪ್ರಿಲ್ ೨೨

ಚಿನಕುರಳಿಯ ಅಮ್ಮನಿಗೆ,

ಮಗಳು ಕ್ಷೇಮ. ತೂಕ ಕಮ್ಮಿಯಾಗಿಲ್ಲ, ಮಾತಂತೂ ಸ್ವಲ್ಪವೂ ಕಮ್ಮಿಯಾಗಿಲ್ಲ.

ಈಗ ಶನಿವಾರ ಸಂಜೆ ಪಟ್ಟಿ ಬರೆಯುವುದು ಅವಳ ಕೆಲಸ. ನಾನು ಪಾಳಿ ಹೇಳುತ್ತೇನೆ, ಅವಳು ಅಡುಗೆ ಹೇಳುತ್ತಾಳೆ, ಮಧ್ಯೆ ಚೌಕಾಸಿ ನಡೆಯುತ್ತದೆ. "ಅಪ್ಪಾ, ಎರಡು ದಿನ ಸೊಪ್ಪು ತಿಂತೀನಿ, ಒಂದು ದಿನ ಬರೀ ಆಲೂಗಡ್ಡೆ. ಒಪ್ಪಿಗೆನಾ?" ಅನ್ನುತ್ತಾಳೆ. ಒಪ್ಪಿದೆ. ಬೀಟ್‌ರೂಟನ್ನು ಅವಳೇ ತುರಿದಳು, ಗೊತ್ತಿದ್ದೇ ತಿಂದಳು. ಅದು ನಿನಗೆ ಹೇಳಬಾರದಂತೆ.

ಬೆಳಗ್ಗೆಯೇ ಮಧ್ಯಾಹ್ನದ್ದೂ ಸಂಜೆಯದ್ದೂ ಆಗಿರುತ್ತದೆ. ನಾನು ಕೆಲಸಕ್ಕೆ ಹೋದಾಗ ಕೆಳಗಿನ ಮನೆಯ ಹೊಲಿಗೆಯಮ್ಮನ ಹತ್ತಿರ ಇರುತ್ತಾಳೆ, ಗುಂಡಿ ಜೋಡಿಸಿಕೊಡುತ್ತಾಳೆ. ವಿಶೇಷವೇನಿಲ್ಲ.

ಅವಳ ಅಪ್ಪ


ಏಪ್ರಿಲ್ ೨೮

ಚಿನಕುರಳಿಯ ಅಪ್ಪನಿಗೆ,

ವಿಶೇಷವೇನಿಲ್ಲ ಎಂದು ಬರೆದಿದ್ದೀರಿ. ಭಾನುವಾರದ ಫೋನಿನಲ್ಲಿ ಮಗಳು ಬೇರೆಯೇ ಹೇಳಿದಳು. ಹೋದ ಗುರುವಾರವಲ್ಲ, ಅದರ ಹಿಂದಿನ ಗುರುವಾರ, ಅಂದರೆ ನೀವು ಆ ಕಾಗದ ಬರೆಯುವ ಮೊದಲೇ, ಬಿರುಗಾಳಿಯಲ್ಲಿ ನೀವು ಕ್ರೇನಿನ ಮೇಲೆ ಸಿಕ್ಕಿಹಾಕಿಕೊಂಡಿದ್ದಿರಂತೆ. ಕತ್ತಲಾದರೂ ಮನೆಗೆ ಬರಲಿಲ್ಲವಂತೆ. ಬೀಟ್‌ರೂಟಿನ ವಿಷಯ ನನಗೆ ಬರೆದಿರಿ, ಇದನ್ನು ಬರೆಯಲಿಲ್ಲ.

ನಾನು ಬಂದು ಅವಳನ್ನು ಕರೆದುಕೊಂಡು ಹೋಗಬೇಕೋ ಬೇಡವೋ ಎಂಬುದು ನಿಮ್ಮ ಉತ್ತರ ನೋಡಿ.


ಮೇ ೨

ಚಿನಕುರಳಿಯ ಅಮ್ಮನಿಗೆ,

ಬರೆದಿದ್ದರೆ ಮುಂದಿನ ರೈಲಿಗೇ ಬರುತ್ತಿದ್ದೆ. ಅದಕ್ಕೇ ಬರೆಯಲಿಲ್ಲ. ಈಗ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ತೀರ್ಮಾನ ನಿನ್ನದು.

ಸಂಜೆ ಇಳಿಯುವ ಹೊತ್ತಿಗೆ ಇದ್ದಕ್ಕಿದ್ದಂತೆ ಗಾಳಿ ಎದ್ದಿತು. ಅಂಥ ಗಾಳಿಯಲ್ಲಿ ಏಣಿ ಇಳಿಯುವಂತಿಲ್ಲ. ಬ್ರೇಕು ಹಾಕಿ, ಗಾಳಿ ನಿಲ್ಲುವ ತನಕ ಕ್ಯಾಬಿನ್ನಿನಲ್ಲೇ ಕೂತಿರು ಎಂದು ಕೆಳಗಿನಿಂದ ರೇಡಿಯೋದಲ್ಲಿ ಹೇಳಿದರು. ಕೂತೆ. ಕ್ಯಾಬಿನ್ನು ಆಚೀಚೆ ತೂಗುತ್ತಿತ್ತು. ಹೊಲಿಗೆಯಮ್ಮನಿಗೆ ಫೋನು ಸಿಗಲಿಲ್ಲ. ಹೆದರಿಕೆಯಾಯಿತು. ಆದರೆ ಒಂದು ವಿಷಯ ಮಾತ್ರ ನನಗೆ ಖಾತ್ರಿಯಿತ್ತು. ಗುರುವಾರ ಬೇಳೆ, ಅನ್ನ, ಬೀನ್ಸು. ಬೆಳಗ್ಗೆಯೇ ಮಾಡಿ ಫ್ರಿಜ್ಜಿನಲ್ಲಿ ಮುಂದೆಯೇ ಇಟ್ಟಿದ್ದೆ, ಬಾಗಿಲ ಮೇಲೆ ಬರೆದಿತ್ತು. ಹೊತ್ತು ನೋಡಿ, ಈಗ ಹೊಲಿಗೆಯಮ್ಮ ಮೇಲೆ ಹೋಗಿ ಬಿಸಿ ಮಾಡುತ್ತಿರುತ್ತಾರೆ, ಈಗ ಇವಳು ಬೀನ್ಸು ಬದಿಗೆ ತಳ್ಳುತ್ತಿರುತ್ತಾಳೆ, ಈಗ ಬೈಸಿಕೊಂಡು ತಿನ್ನುತ್ತಿರುತ್ತಾಳೆ ಅಂತ ಒಂದೊಂದೇ ನೆನೆಸಿಕೊಂಡು ಕೂತಿದ್ದೆ. ಕೆಳಗಿಳಿದು ಬಂದು ಕೇಳಿದರೆ ಎಲ್ಲ ಹಾಗೇ ಆಗಿತ್ತು. ಬೀನ್ಸೂ ಸೇರಿ.

ಊಟಕ್ಕೆ ಯೋಜನೆ ಯಾಕೆ ಅಂತ ನಾನು ಬರೆದಿದ್ದೆ. ಅದನ್ನು ಹೊಡೆದುಹಾಕು.

ಅವಳನ್ನು ಕರೆದುಕೊಂಡು ಹೋಗಬೇಡ.

ಅವಳ ಅಪ್ಪ


ಮೇ ೬

ಇರಲಿ. ರಜೆ ಮುಗಿಯುವ ತನಕ ಇರಲಿ.

ಇನ್ನು ಮುಂದೆ ಗಾಳಿ ಬಂದರೂ ಬರೆಯಿರಿ.


ಮೇ ೧೪

ಚಿನಕುರಳಿಯ ಅಮ್ಮನಿಗೆ,

ಈ ಸಲ ನಾನು ದೂರು ಹೇಳುವವನು. ಮಗಳಿಗೆ ನೀನು ಸ್ವಲ್ಪ ಬುದ್ಧಿ ಹೇಳಬೇಕು.

ಮಂಗಳವಾರ ನನಗೆ ಬೆಳಗಿನ ಪಾಳಿ. ಮೂರು ಗಂಟೆಗೇ ಮನೆಗೆ ಬಂದು, ಅವಳೇ ಬರೆದ ಪಟ್ಟಿಯಂತೆ, ಅವಳೇ ಕೇಳಿದ ಆಲೂಗಡ್ಡೆಯನ್ನು ಗರಿಗರಿಯಾಗಿ ಹುರಿದು, ಸೊಪ್ಪು ಬೇಯಿಸಿ, ಮೊಟ್ಟೆ ಮಾಡಿ, ಮೇಜಿನ ಮೇಲಿಟ್ಟೆ. ಎದುರು ಮನೆಯ ಹುಡುಗಿಯ ಜೊತೆ ಆಡಲು ಹೋಗಿದ್ದಳು. ಕೂಗಿದರೆ "ಬಂದೇ ಅಪ್ಪಾ, ಇನ್ನೇನು ಬಂದೆ" ಅಂದಳು. ಬರಲಿಲ್ಲ. ತಣ್ಣಗಾಗುತ್ತದೆ ಅಂತ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿದೆ. ನಾನೂ ಉಣ್ಣದೆ ಕೂತೆ. ಎದ್ದು ಕಿಟಕಿಗೆ ಹೋದೆ, ಬಂದು ಕೂತೆ, ಮತ್ತೆ ಹೋದೆ. ಕೊನೆಗೆ ಕತ್ತಲಾದ ಮೇಲೆ ಕುಣಿದುಕೊಂಡು ಬಂದಳು. "ಅಲ್ಲೇ ಏನೋ ತಿಂದೆ ಅಪ್ಪಾ, ಹಸಿವಿಲ್ಲ" ಅಂದು ಸೀದಾ ಹೋಗಿ ಮಲಗಿದಳು.

ಬೈಯಲಿಲ್ಲ. ಆದರೆ ನನಗೆ ತುಂಬಾ ಬೇಜಾರಾಯಿತು. ತಿಂದದ್ದು ತಪ್ಪಲ್ಲ. ಒಂದು ಮಾತು ಹೇಳಿ ಕಳಿಸಬಹುದಿತ್ತಲ್ಲ? ಆಲೂಗಡ್ಡೆ ಮೆತ್ತಗಾಗಿ ಹೋಗಿತ್ತು. ಅದನ್ನು ನಾಯಿಗೆ ಹಾಕುವಾಗ ಹೊಟ್ಟೆ ಉರಿಯಿತು. ಮನೆಯಲ್ಲಿ ಒಬ್ಬರು ಮಾಡಿಟ್ಟುಕೊಂಡು ಕಾಯುತ್ತಿರುತ್ತಾರೆ, ಅವರಿಗೆ ಹೇಗಾಗುತ್ತದೆ ಎಂಬುದು ಈ ವಯಸ್ಸಿನಲ್ಲೇ ಗೊತ್ತಾಗದಿದ್ದರೆ ದೊಡ್ಡವಳಾದ ಮೇಲೆ ಯಾರು ಕಲಿಸುತ್ತಾರೆ? ನೀನು ಹೇಳಿದರೆ ಕೇಳುತ್ತಾಳೆ. ಭಾನುವಾರ ಫೋನಿನಲ್ಲಿ ಹೇಳು.

ಅವಳ ಅಪ್ಪ


ಮೇ ೧೭

ಚಿನಕುರಳಿಯ ಅಪ್ಪನಿಗೆ,

ನಿಮ್ಮ ಕಾಗದವನ್ನು ಊಟದ ಬಿಡುವಿನಲ್ಲಿ ಓದಿದೆ. ಓದಿ ಎಷ್ಟು ನಕ್ಕೆನೆಂದರೆ, ಹಲ್ಲಿನ ಅಚ್ಚು ತುಂಬುವ ಹುಡುಗಿ ಪ್ಲಾಸ್ಟರು ಮೆತ್ತಿದ ಕೈಯಲ್ಲೇ ಓಡಿ ಬಂದು "ಏನಾಯ್ತಕ್ಕಾ?" ಎಂದಳು. ನಗುವಾಗಲೇ ಅಳುವೂ ಬಂತು, ಅದಕ್ಕೆ ಗಾಬರಿಯಾಗಿರಬೇಕು.

ಮಗಳಿಗೆ ಹೇಳುತ್ತೇನೆ. ಅವಳಿಗೆ ಒಂದೇ ಸಲ ಹೇಳಿದರೆ ಸಾಕು.

ನಿಮ್ಮ ಕಾಗದವನ್ನು ಹಿಂದಕ್ಕೆ ಕಳಿಸುತ್ತಿದ್ದೇನೆ, ಇದರ ಜೊತೆಗೇ ಇದೆ. ನಿಧಾನವಾಗಿ, ಇನ್ನೊಬ್ಬರು ಬರೆದದ್ದು ಎಂಬಂತೆ ಒಮ್ಮೆ ಓದಿ ನೋಡಿ.

ಅವಳ ಅಮ್ಮ


ಮೇ ೨೮

ಚಿನಕುರಳಿಯ ಅಮ್ಮನಿಗೆ,

ಓದಿದೆ.

ಇಷ್ಟು ದಿನ ಬರೆಯದಿದ್ದುದಕ್ಕೆ ಗಾಳಿ ಕಾರಣವಲ್ಲ.

ಅವಳನ್ನು ಕರೆದೊಯ್ಯಲು ನೀನು ಬರುವುದು ಬುಧವಾರ. ನನಗೆ ಅವತ್ತು ರಜೆ, ಕೇಳಿ ತೆಗೆದುಕೊಂಡೆ. ನಿನ್ನ ರೈಲು ಮಧ್ಯಾಹ್ನಕ್ಕೆ ಮೊದಲೇ ಬರುತ್ತದೆ. ವಾಪಸು ಹೋಗಲು ನಾಲ್ಕರದ್ದೂ ಇದೆ, ರಾತ್ರಿಯದ್ದೂ ಇದೆ. ಪಟ್ಟಿಯಲ್ಲಿ ಬುಧವಾರವನ್ನು ನಾನೂ ಮಗಳೂ ಖಾಲಿ ಬಿಟ್ಟಿದ್ದೇವೆ. ಮಧ್ಯಾಹ್ನದ ಊಟಕ್ಕೆ ನಿನ್ನನ್ನು ಲೆಕ್ಕಕ್ಕೆ ಹಿಡಿಯಲೇ? ಸಂಜೆಯದ್ದಕ್ಕೆ? ಶನಿವಾರದೊಳಗೆ ತಿಳಿಸು, ಮಾರುಕಟ್ಟೆಗೆ ಹೋಗಬೇಕು.

ಮುಂದಿನ ರಜೆಯ ವಿಷಯವೂ ಹೇಳು. ಮಗಳು ದಿನಾ ಕೇಳುತ್ತಾಳೆ. ನಾನೂ ಕೇಳುತ್ತಿದ್ದೇನೆ.

ಅವಳ ಅಪ್ಪ


ಮೇ ೩೦

ಚಿನಕುರಳಿಯ ಅಪ್ಪನಿಗೆ,

ಮುಂದಿನ ರಜೆಗೆ ಬರುತ್ತಾಳೆ. ಅದರ ಮುಂದಿನದಕ್ಕೂ. ನಾನು ಷರತ್ತು ಹಾಕಿದ್ದೆ, ನೀವು ನಡೆಸಿದಿರಿ. ಅವಳಿಗೆ ಈಗಲೇ ಹೇಳಿಬಿಡಿ, ನಾನು ಬರುವ ತನಕ ಕಾಯಿಸಬೇಡಿ.

ವಾಪಸಿನ ಟಿಕೆಟ್ಟು ಇನ್ನೂ ಮಾಡಿಸಿಲ್ಲ. ಬುಧವಾರ ಸಂಜೆಯ ಊಟಕ್ಕೆ "ನೋಡೋಣ" ಎಂದೇ ಬರೆದುಕೊಳ್ಳಿ. ಅಂಥದೊಂದು ಅಡುಗೆ ಇಲ್ಲವೆಂದು ನಾನೇ ಹೇಳಿದ್ದೆ, ಗೊತ್ತು.

ಮಧ್ಯಾಹ್ನಕ್ಕೆ ಕುಂಬಳಕಾಯಿ ಮಾಡಿ, ನಿಮ್ಮ ಕೈಯದನ್ನು ಒಮ್ಮೆ ನೋಡಬೇಕು. ಅಕ್ಕಿ ಲೋಟ ತುಂಬ ಹಾಕಿ. ತಟ್ಟೆ ಮುಚ್ಚಿಡಬೇಡಿ. ಹೊತ್ತಿಗೆ ಸರಿಯಾಗಿ ಬರುತ್ತೇನೆ.